ಏಳನೇ ಹೋಲ್‌ನ ನೀರು ಎಲ್ಲಿಗೆ ಹೋಗಬೇಕು?

ಗಾಲ್ಫ್ ಮೈದಾನದ ಮಾಲಿ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಹುಮನಾಬಾದಿನ ನನ್ನ ಮನೆಗೆ ಬಂದು ಹುಲ್ಲಿನ ಬಗ್ಗೆ ಕೇಳುತ್ತಾರೆ. ಯಾವ ತಳಿ, ಎಷ್ಟು ಎತ್ತರ ಬಿಡಬೇಕು, ಯಾವ ಗೊಬ್ಬರ ಹಾಕಬೇಕು. ಹುಲ್ಲು ಬೆಳೆಸುವುದು ದೊಡ್ಡ ವಿದ್ಯೆಯೇನಲ್ಲ, ಬಿಟ್ಟರೆ ತಾನೇ ಬೆಳೆಯುತ್ತದೆ. ನೀರಿನ ಬಗ್ಗೆ ಕೇಳಿ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಬಾಯಿಂದ ಹೇಳಿ ಹೇಳಿ ಸಾಕಾಗಿ ಈಗ ಬರೆಯಲು ಕೂತಿದ್ದೇನೆ. ನನ್ನನ್ನು ಯಾವಾಗ ಹೆಡ್ ಮಾಲಿ ಮಾಡಿದರು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಓದಿ ಕ್ಲಬ್ಬಿನವರಿಗೆ ಸಿಟ್ಟು ಬಂದರೆ ಬರಲಿ. ನಿವೃತ್ತನಾದವನಿಗೆ ಇನ್ನು ಯಾವ ನೋಟೀಸು ಕೊಡುತ್ತಾರೆ?

ಮೈದಾನ ಇರುವುದು ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವಾಗ, ಹೆದ್ದಾರಿಯಿಂದ ತುಸು ಒಳಗೆ. ಗಾಲ್ಫ್ ನೋಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಚೆಂಡನ್ನು ಹೊಡೆಯುತ್ತ ಹೋಗುವ ಉದ್ದನೆಯ ಹುಲ್ಲಿನ ಪಟ್ಟಿಗೆ ಫೇರ್‌ವೇ ಎನ್ನುತ್ತಾರೆ. ಅದರ ಕೊನೆಗೆ ಕುಳಿ ಇರುವ ನುಣುಪಾದ ಅಂಗಳಕ್ಕೆ ಗ್ರೀನ್ ಎನ್ನುತ್ತಾರೆ. ಎರಡೂ ಸೇರಿ ಒಂದು ಹೋಲ್. ಅಂಥವು ನಮ್ಮಲ್ಲಿ ಒಂಬತ್ತು. ಸುತ್ತಲಿನ ಹಳ್ಳಿಯವರು ಇದನ್ನು 'ದೊಡ್ಡವರ ಚಿನ್ನಿದಾಂಡು' ಎಂದು ಕರೆದು ನಗುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಒಂಬತ್ತರಲ್ಲಿ ಆರು ಹೋಲ್ ಮೇಲಿನ ಕೆಂಪು ನೆಲದಲ್ಲಿದ್ದವು. ಎಂಥ ಮಳೆ ಬಿದ್ದರೂ ಚಹಾ ಕುಡಿದು ಬರುವಷ್ಟರಲ್ಲಿ ಅಲ್ಲಿ ನೀರು ಇಂಗುತ್ತಿತ್ತು. ಉಳಿದ ಮೂರು ಕೆಳಗಿನ ಎರೆ ಮಣ್ಣಿನಲ್ಲಿ. ಎರೆ ಎಂದರೆ ಬೇಸಿಗೆಯಲ್ಲಿ ಮೊಣಕೈವರೆಗೆ ಕೈ ಹೋಗುವ ಬಿರುಕು, ಮಳೆಗಾಲದಲ್ಲಿ ಉಬ್ಬಿ ಒಂದು ತೊಟ್ಟನ್ನೂ ಬಿಟ್ಟುಕೊಡದ ಜಿಗುಟು. ನೀರು ಬಸಿಯಲೆಂದು ನೆಲದಡಿ ಹಾಕಿದ ಪೈಪುಗಳನ್ನು ಆ ಮಣ್ಣು ಮೊದಲ ಬೇಸಿಗೆಯಲ್ಲೇ ಎಳೆದು ಮುರಿದು ಹಾಕಿತು. ಈ ಜಾಗ ಆರಿಸಿದ ಮಹಾನುಭಾವರು ಏಪ್ರಿಲ್ ತಿಂಗಳಲ್ಲಿ ಬಂದು ನೋಡಿ ಹೋಗಿರಬೇಕು.

ನಮ್ಮ ಮೊದಲ ಮಳೆಗಾಲದ ಕಥೆ ಹೇಳಿದರೆ ನೀವು ನಗುತ್ತೀರಿ. ನಾನು ಮಂಠಾಳದವನು. ನನ್ನ ಜೊತೆಗಿದ್ದ ಮಾಲಿಗಳು, ಕಳೆ ತೆಗೆಯುವ ಹೆಣ್ಣುಮಕ್ಕಳು, ಎಲ್ಲರೂ ಹೊಲದ ಕೆಲಸ ಬಿಟ್ಟು ಬಂದವರೇ. ಮಳೆ ನೀರು ಹೊಲ ಬಿಟ್ಟು ಹೋಗುವುದನ್ನು ನೋಡಿ ಸುಮ್ಮನೆ ನಿಲ್ಲುವ ಮನುಷ್ಯ ನಮ್ಮ ಕಡೆ ಹುಟ್ಟಿಲ್ಲ. ಒಂದು ಮಧ್ಯಾಹ್ನ ಜೋರು ಮಳೆ. ಎಂಟನೇ ಗ್ರೀನಿನ ಮೇಲಿಂದ ನೀರು ಹರಿದು ಹೋಗುತ್ತಿದೆ. 'ನೀರು ಹೋಗಾಕತ್ತಾದ, ಬಾಂದ ಹಾಕ್ರಿ!' ಎಂದು ನಾನೇ ಕೂಗಿದೆ. ಹತ್ತು ಜನ ಸಲಿಕೆ ಹಿಡಿದು, ಮೈಯೆಲ್ಲ ತೊಯ್ಸಿಕೊಂಡು, ಗ್ರೀನಿನ ಸುತ್ತ ಮಣ್ಣಿನ ಒಡ್ಡು ಕಟ್ಟಿದೆವು. ಒಂದು ಹನಿ ಆಚೆ ಹೋಗಲಿಲ್ಲ. ಎಷ್ಟು ಹೆಮ್ಮೆ ನಮಗೆ!

ಮರುದಿನ ಬೆಳಿಗ್ಗೆ ಗ್ರೀನಿನಲ್ಲಿ ಕಪ್ಪೆಗಳಿದ್ದವು. ಆಗ ನಮ್ಮ ಮೇಲಿದ್ದವರು ಹೈದರಾಬಾದಿನ ಹಿರಿಯರೊಬ್ಬರು, ಮೈದಾನ ಕಟ್ಟಿಸಿದವರು. ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಬಂದು ನೋಡಿದರು. ಬೈಯುತ್ತಾರೆಂದು ನಾವು ತಲೆ ತಗ್ಗಿಸಿ ನಿಂತರೆ ಅವರು ನಕ್ಕು ನಕ್ಕು ಅಲ್ಲೇ ಒಡ್ಡಿನ ಮೇಲೆ ಕೂತುಬಿಟ್ಟರು.

'ಅರೇ ಮಾಣಿಕ್, ಹೊಲದಾಗ ನೀರು ಹಿಡೀತಾರ. ಇಲ್ಲಿ ನೀರು ಬಿಡ್ತಾರ. ಇಷ್ಟೇ ಫರಕ್ ಅದ, ಬೇಟಾ' ಎಂದರು.

ಇಷ್ಟೇ ಫರಕು ಕಲಿಯಲು ನಮಗೆ ಮೂರು ಮಳೆಗಾಲ ಬೇಕಾದವು. ಕಲಿತ ಮೇಲೂ ಹರಿದು ಹೋಗುವ ನೀರು ಕಂಡರೆ ನನ್ನ ಕೈ ಸಲಿಕೆ ಹುಡುಕುತ್ತಿತ್ತು. ಅದಕ್ಕೆ ನನಗೆ ನಾಚಿಕೆಯಿಲ್ಲ.

ದೊಡ್ಡ ಸಾಹೇಬರು ಹೋದ ಮೇಲೆ ಬೆಂಗಳೂರಿನ ಕಡೆಯ ಸೆಕ್ರೆಟರಿ ಬಂದರು. ಇನ್ನು ಮುಂದೆ ಸಾಹೇಬರು ಎಂದರೆ ಇವರೇ ಎಂದು ತಿಳಿಯಿರಿ. ಕೆಟ್ಟವರಲ್ಲ. ಪುಸ್ತಕ ಓದಿದ್ದರು, ಮಳೆಯನ್ನು ಮಾತ್ರ ಓದಿರಲಿಲ್ಲ. ಹೆಜ್ಜೆ ಹೆಜ್ಜೆಗೂ ನಮ್ಮದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ನಡೆಯಿತು. ಅವರು ಬಂದ ವರ್ಷ ಎಂಟು ದಿನ ಬಿಡದೆ ಸುರಿದ ಮಳೆಯಲ್ಲಿ ಮಷಿನ್ ಇಳಿಸಲಾಗದೆ ಹುಲ್ಲು ಪಾದ ಮುಳುಗುವಷ್ಟು ಬೆಳೆಯಿತು. ಬಿಸಿಲು ಬಿದ್ದ ದಿನವೇ ಎಲ್ಲವನ್ನೂ ಒಂದೇ ಸಲ ಬುಡಕ್ಕೆ ಕತ್ತರಿಸಿ ಎಂದು ಹುಕುಂ ಆಯಿತು. ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲು ತೆಗೆಯೋಣ, ಎರಡು ದಿನ ಬಿಟ್ಟು ಮತ್ತೆ ತೆಗೆಯೋಣ ಎಂದೆ. ಕೇಳಲಿಲ್ಲ. ಕತ್ತರಿಸಿದೆವು. ಹಸಿರೆಲ್ಲ ಹೋಗಿ ಬಿಳಿಚಿದ ಕಡ್ಡಿ ಉಳಿಯಿತು, ವಾರದಲ್ಲಿ ಅದರ ಮೇಲೆ ಕಂದು ಬಣ್ಣದ ಬೂಷ್ಟು ಬಂತು. ಔಷಧಿ ಹೊಡೆದೆವು, ಮಧ್ಯಾಹ್ನದ ಮಳೆ ತೊಳೆದುಕೊಂಡು ಹೋಯಿತು. ಮತ್ತೆ ಹೊಡೆದೆವು, ಮತ್ತೆ ಮಳೆ.

ಆಮೇಲೆ ತೇವ ಅಳೆಯುವ ಮೀಟರ್ ಬಂತು. ಒಳ್ಳೆಯ ಸಾಮಾನು, ನಾನು ಬೇಡ ಎನ್ನುವುದಿಲ್ಲ. ಅದು ಬರುವ ಮೊದಲು ನಮ್ಮ ಮೀಟರ್ ಮುಷ್ಟಿಯಲ್ಲಿತ್ತು. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಡುವುದು. ಒಡೆದರೆ ಹದ, ಮಷಿನ್ ಇಳಿಸಬಹುದು. ಒಡೆಯದಿದ್ದರೆ ಮನೆಗೆ ಹೋಗಬಹುದು. ಒಂದು ದಿನ ಸಾಹೇಬರ ಮೀಟರ್ ಒಂಬತ್ತನೇ ಫೇರ್‌ವೇ ಒಣಗಿದೆ ಎಂದಿತು. ನನ್ನ ಉಂಡೆ ಬಿದ್ದು ಹಾಗೇ ಕೂತಿತು.

'ಉಂಡೆ ನೋಡಿ ಮೈದಾನ ನಡೆಸೋಕ್ಕಾಗಲ್ಲ, ಮಾಣಿಕಪ್ಪ' ಎಂದು ಸಾಹೇಬರು ರೋಲರ್ ಹೂಡಿದ ಟ್ರ್ಯಾಕ್ಟರನ್ನು ಇಳಿಸಿದರು. ಮೇಲೆ ಸಿಮೆಂಟಿನ ಹಾಗೆ ಕಂಡ ನೆಲ ಒಳಗೆ ಹಿಟ್ಟಿನ ಹಾಗಿತ್ತು. ಟ್ರ್ಯಾಕ್ಟರ್ ಗಾಲಿ ಅರ್ಧ ಹೂತುಹೋಯಿತು. ಎಳೆಯಲು ಬಂದ ಇನ್ನೊಂದು ಟ್ರ್ಯಾಕ್ಟರೂ ಪಕ್ಕದಲ್ಲೇ ಹೂತಿತು. ಕೊನೆಗೆ ಕಾಂಪೌಂಡಿನಾಚೆಯ ಕಾಶೀಬಾಯಿಯ ಎತ್ತುಗಳನ್ನು ಕೇಳಲು ಹೋದೆ.

ಕಾಶೀಬಾಯಿಯ ಹೊಲ ನಮ್ಮ ಏಳನೇ ಹೋಲ್‌ನ ಗೋಡೆಗೆ ಅಂಟಿಕೊಂಡಿದೆ. ವಯಸ್ಸಿನಲ್ಲಿ ನನಗಿಂತ ಹಿರಿಯಳು, ನಾನು ಅಕ್ಕ ಎನ್ನುತ್ತೇನೆ. ಬಾಯಿ ಹರಿತ, ಕೈ ದೊಡ್ಡದು. ಬಂದು ಗೋಡೆಯ ಮೇಲಿಂದ ಎರಡು ಟ್ರ್ಯಾಕ್ಟರುಗಳನ್ನು ನೋಡಿದಳು.

'ಇವತ್ತ ನನ್ನ ಎತ್ತ ಇಳ್ಯಾಂಗಿಲ್ಲ. ನಾಳಿ ಹದ ಆಗ್ತದ, ನಾಳಿ ತರ್ತೀನಿ. ನಿಮ್ಮ ಸಾಹೇಬ್ರಿಗಿ ಎತ್ತಿನಷ್ಟರ ಬುದ್ಧಿ ಬ್ಯಾಡೇನು?' ಎಂದಳು.

ಮರುದಿನ ಅವಳ ಜೋಡೆತ್ತು ಎರಡೂ ಟ್ರ್ಯಾಕ್ಟರುಗಳನ್ನು ಎಳೆದು ಹಾಕಿದವು. ಅಂದಿನಿಂದ ನಾನು ಮಧ್ಯಾಹ್ನದ ಊಟಕ್ಕೆ ಅವಳ ಬಾವಿಕಟ್ಟೆಗೇ ಹೋಗತೊಡಗಿದೆ. ನನ್ನ ಡಬ್ಬಿಯ ಅನ್ನ ಪಕ್ಕಕ್ಕಿಡಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಹಾಕುತ್ತಿದ್ದಳು.

ಈಗ ಏಳನೇ ಹೋಲ್‌ಗೆ ಬರುತ್ತೇನೆ. ಇಡೀ ಮೈದಾನದಲ್ಲಿ ಅದೇ ತಗ್ಗು. ಮೊದಲು ಅಲ್ಲೊಂದು ನಾಲಾ ಇತ್ತು. ಮೇಲಿನ ಕೆಂಪು ನೆಲದ ನೀರೆಲ್ಲ ಅದರಲ್ಲಿ ಇಳಿದು, ಕಾಶೀಬಾಯಿಯ ಹೊಲದ ಅಂಚು ಹಿಡಿದು ಹಳ್ಳ ಸೇರುತ್ತಿತ್ತು. ಫೇರ್‌ವೇ ಸಪಾಟಾಗಿ ಕಾಣಲೆಂದು ಕಾಂಪೌಂಡಿನೊಳಗಿನ ನಾಲಾವನ್ನು ಮುಚ್ಚಿ, ಅಡಿಯಲ್ಲಿ ಪೈಪು ಹಾಕಿ, ಗೋಡೆಯ ಕೆಳಗಿದ್ದ ಮೋರಿಯನ್ನು ಇಟ್ಟಿಗೆಯಿಂದ ಸಣ್ಣದು ಮಾಡಿದ್ದರು. ಎರೆ ಮಣ್ಣು ಆ ಪೈಪನ್ನೂ ತಿಂದುಹಾಕಿತು. ಆಮೇಲೆ ದೊಡ್ಡ ಮಳೆ ಬಂದಾಗಲೆಲ್ಲ ಏಳನೇ ಹೋಲ್ ಕೆರೆಯಾಗುತ್ತಿತ್ತು. ನಾಲಾ ತೆರೆಯೋಣ ಎಂದು ಎಷ್ಟೋ ಸಲ ಕೇಳಿದೆ.

'ನಕ್ಷೇಲಿ ಅಲ್ಲಿ ನಾಲೆ ಇಲ್ವಲ್ಲ, ಮಾಣಿಕಪ್ಪ' ಎನ್ನುತ್ತಿದ್ದರು ಸಾಹೇಬರು.

'ನಕ್ಷಾದಾಗ ಇಲ್ರಿ, ನೆಲದಾಗ ಅದ' ಎನ್ನುತ್ತಿದ್ದೆ ನಾನು.

ನನ್ನ ನಿವೃತ್ತಿಗೆ ಮೂರು ವರ್ಷವಿರುವಾಗ, ಹುಬ್ಬಾ ನಕ್ಷತ್ರದ ಮಳೆ, ನಮ್ಮ ಕಡೆಯ ಹುಬ್ಬಿ ಮಳೆ, ಉಬ್ಬುಬ್ಬಿ ಹೊಡೆದು ಏಳನೇ ಹೋಲ್ ಮೊಣಕಾಲು ಮುಳುಗುವಷ್ಟು ತುಂಬಿತು. ಸಾಹೇಬರು ಡೀಸೆಲ್ ಇಂಜಿನ್ ತರಿಸಿದರು. ಹೊರಗಿನ ಹಳೆಯ ನಾಲಾದವರೆಗೆ ಪೈಪು ಸಾಲದು, ಹತ್ತಿರದ ಗೋಡೆಯ ಆಚೆಗೆ ಹಾಕಿ ಎಂದರು. ಹತ್ತಿರದ ಗೋಡೆಯಾಚೆ ಕಾಶೀಬಾಯಿಯ ತೊಗರಿ ಇತ್ತು. ತೊಗರಿ ಬರ ತಾಳುತ್ತದೆ, ನಿಂತ ನೀರು ತಾಳುವುದಿಲ್ಲ. ಇದು ನನಗೆ ತಿಳಿಯದ ವಿಷಯವೇ? ತಿಳಿದೂ ಇಂಜಿನ್ ತಿರುವಿದೆ. ಸಾಹೇಬರು ಹೇಳಿದ್ದಾರೆ, ನಾನು ನೌಕರ ಎಂದು ಮನಸ್ಸಿಗೆ ಹೇಳಿಕೊಂಡೆ. ಎರಡು ದಿನ ನೀರು ಆಚೆ ಬಿದ್ದಿತು. ಆ ವಾರ ಕಾಶೀಬಾಯಿ ನೆಂಟರ ಊರಿಗೆ ಹೋಗಿದ್ದಳು.

ಹದಿನೈದು ದಿನದಲ್ಲಿ ಗೋಡೆಯ ಪಕ್ಕದ ಅರ್ಧ ಹೊಲದ ತೊಗರಿ ಜೋತುಬಿದ್ದು ಒಣಗಿತು. ಆಗಲೂ ನಾನು ಬಾವಿಕಟ್ಟೆಗೆ ಊಟಕ್ಕೆ ಹೋದೆ.

'ಮಾಣಿಕಪ್ಪಾ, ಈ ಕಡಿ ಗಿಡ ಅಷ್ಟ ಯಾಕ ಒಣಗ್ಯಾವೋ?' ಎಂದು ಅವಳು ಕೇಳಿದಳು.

'ರೋಗ ಬಿದ್ದಿರಬೇಕಕ್ಕ. ಎಲ್ಲಾ ಕಡಿ ಹಂಗ ಅದ' ಎಂದೆ.

ಹೂಂ ಎಂದು ಇನ್ನೊಂದು ರೊಟ್ಟಿ ಹಾಕಿದಳು. ತಿಂದೆ. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಹಾಳಾದ ಹುಲ್ಲು, ಹೂತ ಟ್ರ್ಯಾಕ್ಟರ್ ಎಷ್ಟೋ ಇವೆ. ಅವುಗಳನ್ನು ನಗುತ್ತ ಹೇಳಬಲ್ಲೆ. ಆ ರೊಟ್ಟಿಯ ವಿಷಯ ನಗುತ್ತ ಹೇಳಲಾರೆ.

ಮರುವರ್ಷ ಮಳೆ ಮತ್ತೆ ಅದೇ ಹೊತ್ತಿಗೆ ಬಂತು. ಗುರುವಾರ ಹಿಡಿದದ್ದು ಶನಿವಾರ ಬೆಳಿಗ್ಗೆ ಬಿಟ್ಟಿತು. ಭಾನುವಾರ ಹೊರ ಊರಿನ ಸದಸ್ಯರೆಲ್ಲ ಬಂದು ಆಡುವ ಪಂದ್ಯವಿತ್ತು. ಗ್ರೀನುಗಳ ನೀರನ್ನು ರಬ್ಬರ್ ವೈಪರಿನಿಂದ ತಳ್ಳಿ, ಬಂಕರ್ ಎನ್ನುವ ಮರಳುಗುಳಿಗಳಲ್ಲಿ ಕೆಂಪು ಮಣ್ಣು ಬೆರೆತ ಮರಳನ್ನು ಬದಲಾಯಿಸಿ, ಎಂಟು ಹೋಲ್ ತಯಾರು ಮಾಡಿದ್ದೆವು. ಏಳನೆಯದು ಮಾತ್ರ ತುಂಬಿ ನಿಂತಿತ್ತು. ಪಂಪ್ ನೋಡಿಕೊಳ್ಳುವ ಮಹಬೂಬ್ ಇಂಜಿನ್ ತಂದು ದಂಡೆಯಲ್ಲಿಟ್ಟು ಪೈಪನ್ನು ಗೋಡೆಯ ಮೇಲೆ ಹಾಕಿದ್ದ. ಸ್ಟಾರ್ಟ್ ಮಾಡುವ ಕಬ್ಬಿಣದ ಹ್ಯಾಂಡಲ್ ಅವನ ಕೈಯಲ್ಲಿತ್ತು. ಗೋಡೆಯಾಚೆ ನೋಡಿದೆ. ಈ ವರ್ಷ ತೊಗರಿ ಸೊಂಟದೆತ್ತರ ಬಂದು ಚೆನ್ನಾಗಿ ಟೊಂಗೆ ಒಡೆದಿತ್ತು. ಮಹಬೂಬನ ಕೈಯಿಂದ ಹ್ಯಾಂಡಲ್ ಕಸಿದುಕೊಂಡೆ. ಅವನು ನನ್ನ ಪಕ್ಕಕ್ಕೆ ಬಂದು ನಿಂತ.

ಸಾಹೇಬರು ಗಮ್‌ಬೂಟು ಹಾಕಿಕೊಂಡು ಬಂದರು.

'ಏನ್ರೀ ಮಾಣಿಕಪ್ಪ, ಇನ್ನೂ ಸ್ಟಾರ್ಟ್ ಮಾಡಿಲ್ವಾ?'

'ಇಲ್ರಿ ಸಾಹೇಬ್ರ. ಈ ಸಲ ಆಗಂಗಿಲ್ಲ.'

'ಆಗಲ್ಲ ಅಂದ್ರೆ?'

'ಗ್ವಾಡಿ ಆಚಿ ತೊಗರಿ ಅದ. ನೀರು ನಿಂತ್ರ ಬೇರು ಕೊಳೀತದ. ಹ್ವಾದ ವರ್ಷ ಕೊಳತಾದ.'

'ಅದು ನಮ್ಮ ಜಮೀನಲ್ಲ.'

'ಅದಕ್ಕ ಹೇಳಾಕತ್ತೇನ್ರಿ.'

ಸಾಹೇಬರ ಮುಖ ಕೆಂಪಾಯಿತು. ನಿಮ್ಮ ಕೆಲಸ ಹುಲ್ಲು ನೋಡುವುದು, ಊರವರ ಹೊಲ ನೋಡುವುದಲ್ಲ, ಸ್ಟಾರ್ಟ್ ಮಾಡು ಮಹಬೂಬ್ ಎಂದರು.

ಮಹಬೂಬ್ ತನ್ನ ಬಲಗೈ ತಿರುವಿ ತಿರುವಿ ನೋಡಿಕೊಂಡ. 'ಈ ಕೈ ಎರಡ ದಿನದಿಂದ ಹಿಡಕೊಂಡದ್ರಿ ಸಾಬ್. ಮ್ಯಾಲ ಎತ್ತಾಕ ಬರವಲ್ದು' ಎಂದ. ಅದೇ ಕೈಯಲ್ಲಿ ಹತ್ತು ನಿಮಿಷದ ಹಿಂದೆ ಡೀಸೆಲ್ ಡಬ್ಬ ಹೊತ್ತು ತಂದಿದ್ದ.

'ಕೊಡ್ರೀ ಇಲ್ಲಿ, ನಾನೇ ಮಾಡ್ತೀನಿ' ಎಂದು ಸಾಹೇಬರು ಕೈ ಚಾಚಿದರು.

'ತಗೋರಿ. ಆದ್ರ ಮೊದಲ ಹೊಲದ ಮಾಲಕರಿಗಿ ಹೇಳೋಣು' ಎಂದು ನಾನು ಔಷಧಿ ಡ್ರಮ್ಮಿನ ಮೇಲೆ ಹತ್ತಿ ಗೋಡೆಯಾಚೆ ಕೂಗಿದೆ. ಕಾಶೀಬಾಯಿ ಬದುವಿನ ಮೇಲೆ ನಿಂತು ಸಲಿಕೆಯಿಂದ ತನ್ನ ಹೊಲದ ನೀರು ಬಿಡುತ್ತಿದ್ದಳು. ಕೆಸರು ತುಳಿಯುತ್ತ ಗೋಡೆಯ ಹತ್ತಿರ ಬಂದಳು. ಮೊದಲು ಪೈಪು ನೋಡಿದಳು, ಆಮೇಲೆ ನನ್ನನ್ನು.

'ಅಕ್ಕಾ, ಹ್ವಾದ ವರ್ಷ ನಿನ್ನ ತೊಗರಿ ಒಣಗಿದ್ದು ರೋಗಕ್ಕ ಅಲ್ಲ. ಈ ಇಂಜಿನ್ ನೀರಿಗಿ. ತಿರುವಿದಾಂವ ನಾನ' ಎಂದೆ.

ಅವಳು ಸಲಿಕೆಯ ಕೆಸರನ್ನು ಗೋಡೆಗೆ ಒರೆಸಿದಳು.

'ನೀ ನನ್ನ ಕಟ್ಟಿ ಮ್ಯಾಲ ಕುಂತು ರೊಟ್ಟಿ ತಿಂದಿ, ಮಾಣಿಕಪ್ಪಾ.'

'ತಿಂದೀನಿ.'

'ಯಾಕ ಒಣಗ್ಯಾವ ಅಂತ ನಿನಗ ಕೇಳೀನಿ.'

'ಕೇಳಿದ್ದಿ. ನಾ ಸುಳ್ಳ ಹೇಳೀನಿ.'

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಸಲಿಕೆಯನ್ನು ಗೋಡೆಯ ಮೇಲಿಂದ ಈಚೆ ಎಸೆದಳು. ಸೀರೆಯ ಕಚ್ಚೆ ಬಿಗಿದು, ತನ್ನ ಕಡೆಯ ಕಲ್ಲುರಾಶಿಯ ಮೇಲೆ ಕಾಲಿಟ್ಟು ಗೋಡೆ ಹತ್ತಿ ಇಳಿದಳು. ನಾನು ಕೊಟ್ಟ ಕೈ ಹಿಡಿಯಲಿಲ್ಲ. ಸಾಹೇಬರ ಕಡೆ ತಿರುಗಿಯೂ ನೋಡದೆ ಸೀದಾ ನೀರಿಗಿಳಿದು, ಪಾದದಿಂದ ನೆಲ ತಡವುತ್ತ ನಡೆದು, ಒಂದು ಕಡೆ ಸಲಿಕೆ ನೆಟ್ಟಳು.

'ಇಲ್ಲೇ ಇತ್ತು ನಾಲಾ. ಲಗ್ನಾಗಿ ಬಂದಾಗ ಇಲ್ಲೇ ಬಟ್ಟಿ ಒಗೀತಿದ್ದೆ. ಇಲ್ಲಿಂದ ಹಿಂಗ ಹೊಳ್ಳಿ ಆ ಮೋರಿಗಿ ಹೋಗ್ತಿತ್ತು. ಅಗೀರಿ.'

'ಯಾರ್ರೀ ಈಕೆ? ಫೇರ್‌ವೇ ಅಗೆಯೋಕೆ ಯಾರು ಪರ್ಮಿಶನ್ ಕೊಟ್ರು?' ಎಂದು ಸಾಹೇಬರು ಕೂಗಿದರು.

ಹ್ಯಾಂಡಲನ್ನು ಅವರ ಕೈಗೆ ಕೊಟ್ಟು, ಕಾಶೀಬಾಯಿಯ ಸಲಿಕೆ ತೆಗೆದುಕೊಂಡೆ. ಆ ಹುಲ್ಲು ನಾನೇ ಮೊಣಕಾಲೂರಿ ಕಡ್ಡಿ ಕಡ್ಡಿಯಾಗಿ ನೆಟ್ಟಿದ್ದು. ಎರಡು ವರ್ಷ ಅದರ ಮೇಲೆ ಯಾರನ್ನೂ ಚಪ್ಪಲಿ ಹಾಕಿ ನಡೆಯಗೊಟ್ಟಿರಲಿಲ್ಲ. ಮೊದಲ ಏಟು ಮೆಲ್ಲಗೆ ಹಾಕಿದೆ, ಹುಲ್ಲು ಹರಿಯಲಿಲ್ಲ. ಎರಡನೇ ಏಟಿಗೆ ಹರಿಯಿತು. ಹತ್ತನೇ ಏಟಿಗೆ, ನಿಜ ಹೇಳುತ್ತೇನೆ, ಮೈ ಹಗುರಾಯಿತು. ಮಹಬೂಬನ ಕೈ ತಟ್ಟನೆ ಗುಣವಾಗಿ ಅವನೂ ಗುದ್ದಲಿ ತಂದ. ಅವನ ಹಿಂದೆ ಮಾಲಿಗಳು, ಕಳೆ ತೆಗೆಯುವ ಹೆಣ್ಣುಮಕ್ಕಳು ಬಂದರು. ಯಾರನ್ನೂ ನಾನು ಕರೆದಿರಲಿಲ್ಲ.

ಸಾಹೇಬರು ಹ್ಯಾಂಡಲ್ ತಿರುವಲಿಲ್ಲ. ಇಷ್ಟು ಜನರ ಎದುರು ಯಾವ ಮುಖದಿಂದ ತಿರುವುತ್ತಾರೆ? ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಸಾಕ್ಷಿಗೆಂದು ಫೋನಿನಲ್ಲಿ ನಮ್ಮ ಫೋಟೋ ತೆಗೆಯತೊಡಗಿದರು.

'ತಗೀರಿ ಸಾಹೇಬ್ರ, ನನ್ನ ಮಾರಿ ಚಂದಾಗಿ ಬರ್ಲಿ' ಎಂದು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ನಿಂತೆ.

ಸುಮಾರು ಐವತ್ತು ಹೆಜ್ಜೆ ಉದ್ದ ಅಗೆದೆವು. ಊಟದ ಹೊತ್ತು ದಾಟಿದ ಮೇಲೆ ಮೋರಿ ಸಿಕ್ಕಿತು. ಇಟ್ಟಿಗೆ ಕಿತ್ತ ಕೂಡಲೇ ನೀರು ನುಗ್ಗಿ ಗೋಡೆಯ ಆಚೆ ಹೊರಟಿತು. ಕಾಶೀಬಾಯಿ ಮತ್ತೆ ಗೋಡೆ ಹತ್ತಿ, ನೀರಿನ ಜೊತೆಜೊತೆಗೆ ನಾಲಾದ ದಂಡೆಯಲ್ಲಿ ನಡೆದು, ಒಂದು ಹನಿಯೂ ಹೊಲಕ್ಕೆ ತಿರುಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಸಂಜೆಗೆ ಏಳನೇ ಹೋಲ್ ಖಾಲಿಯಾಯಿತು. ನಡುವೆ ಕರಿ ಮಣ್ಣಿನ ಕಾಲುವೆ, ಎರಡೂ ಕಡೆ ಹರಿದ ಹುಲ್ಲು. ಭಾನುವಾರದ ಪಂದ್ಯ ಎಂಟೇ ಹೋಲ್‌ನಲ್ಲಿ ನಡೆಯಿತು. ಯಾರೂ ಸಾಯಲಿಲ್ಲ.

ಸೋಮವಾರ ನೋಟೀಸು ಬಂತು. ಕ್ಲಬ್ಬಿನ ಆಸ್ತಿಗೆ ಹಾನಿ ಮಾಡಿದ್ದಕ್ಕೆ ಬರಹದಲ್ಲಿ ವಿವರಣೆ ಕೊಡಬೇಕಿತ್ತು. ಏನು ಬರೆದೆ ಎಂದು ಕೊನೆಗೆ ಹೇಳುತ್ತೇನೆ. ಬರೆದದ್ದರ ಫಲವಾಗಿ ಹೆಡ್ ಮಾಲಿ ಕೆಲಸ ಹೋಯಿತು. ಉಳಿದ ಎರಡು ವರ್ಷ ಹಿಂದಿನ ಶೆಡ್ಡಿನಲ್ಲಿ ಸಸಿಗಳಿಗೆ ನೀರು ಹಾಕಿದೆ. ನಾಲಾ ಮಾತ್ರ ಮುಚ್ಚಲಿಲ್ಲ. ಮರುವರ್ಷ ಸಾಹೇಬರು ಅದರ ಎರಡೂ ಬದಿಗೆ ಕಲ್ಲು ಕಟ್ಟಿಸಿ, ಮೇಲೊಂದು ಮರದ ಸೇತುವೆ ಹಾಕಿಸಿದರು. ಬಂದವರಿಗೆಲ್ಲ ಅದನ್ನು ತೋರಿಸಿ, ಚೆಂಡು ಇದನ್ನು ದಾಟಿಸುವುದೇ ಈ ಹೋಲ್‌ನ ಮಜಾ, ಐಡಿಯಾ ನನ್ನದು ಎನ್ನುತ್ತಿದ್ದರಂತೆ. ಅನ್ನಲಿ ಬಿಡಿ, ನೀರು ಹೋಗುತ್ತಿತ್ತಲ್ಲ.

ಕಾಶೀಬಾಯಿಯ ತೊಗರಿ ಆ ವರ್ಷ ಗೋಡೆಯ ತನಕ ಕಾಯಿ ಹಿಡಿಯಿತು. ಆದರೆ ಅವಳು ನನ್ನನ್ನು ಊಟಕ್ಕೆ ಕರೆಯಲಿಲ್ಲ, ಮಾತೂ ಆಡಲಿಲ್ಲ. ಅದು ಅವಳ ಹಕ್ಕು. ನಾನು ನಿವೃತ್ತನಾದ ಮೇಲೆ ಒಂದು ದಿನ ಚಿಟಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕಂಡಳು. ಬಸ್ಸು ತುಂಬಿತ್ತು. ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲವನ್ನು ತೆಗೆದು ಕಾಲ ಬಳಿ ಇಟ್ಟುಕೊಂಡಳು. ನಾನು ಕೂತೆ. ಚಿಟಗುಪ್ಪ ಬರುವವರೆಗೆ ಅವಳು ಕಿಟಕಿಯ ಆಚೆಯ ಹೊಲಗಳನ್ನೇ ನೋಡುತ್ತಿದ್ದಳು.

ಈಗ ಆ ವಿವರಣೆಯ ಮಾತು. ಆಫೀಸಿನ ಗುಮಾಸ್ತರು ಒಳ್ಳೆಯವರು, ನನಗಾಗಿ ಒಂದು ಕ್ಷಮಾಪಣೆ ಪತ್ರವನ್ನು ಟೈಪ್ ಮಾಡಿಯೇ ಇಟ್ಟಿದ್ದರು. 'ತಪ್ಪಾಗ್ಯಾದ ಅಂತ ಸಹಿ ಹಾಕ್ರಿ ಮಾಣಿಕಪ್ಪನವರ, ನೌಕರಿ ಹಂಗ ಉಳೀತದ' ಎಂದರು. ನಾನು ಬಿಳಿ ಹಾಳೆ ಕೇಳಿ ಪಡೆದು, ನಿಂತಲ್ಲೇ ಬರೆದು ಕೊಟ್ಟೆ. ಗುಮಾಸ್ತರು ಓದಿ, ಇದನ್ನು ಬದಲಿಸಿ ಎಂದು ಎರಡು ಸಲ ಹೇಳಿದರು. ಬದಲಿಸಲಿಲ್ಲ. ಈಗಲೂ ಕ್ಲಬ್ಬಿನ ಕಪಾಟಿನಲ್ಲಿ ಇದ್ದೀತು, ಬೇಕಾದವರು ತೆಗೆದು ನೋಡಬಹುದು. ಮೂರೇ ಸಾಲು.

ಏಳನೇ ಹೋಲ್‌ನಲ್ಲಿ ನಾಲಾ ಅಗೆದದ್ದು ನಾನು. ಇದರಲ್ಲಿ ನನ್ನಿಂದ ದೊಡ್ಡ ತಪ್ಪಾಗಿದೆ. ಒಂದು ವರ್ಷ ಮೊದಲೇ ಅಗೆಯಬೇಕಿತ್ತು.